ಗರ್ಭದಲ್ಲಿ ಮಗುವಿನ ಶ್ವಾಸಕೋಶ ಹೇಗೆ ರೂಪುಗೊಳ್ಳುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆಯೊಳಗಿನ ಮಗು ಗಾಳಿಯನ್ನು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಹೊಕ್ಕುಳಬಳ್ಳಿಯಿಂದ ಬರುತ್ತದೆ. ಶ್ವಾಸಕೋಶದ ತುಂಬ ಬರೀ ನೀರಿರುತ್ತದೆ. ಆದರೆ ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಆ ನೀರು ಜಾಗ ಬಿಡಬೇಕು, ಗಾಳಿ ತುಂಬಬೇಕು, ಮಗು ಅಳಬೇಕು. ಒಮ್ಮೆಯೂ ಗಾಳಿ ಕಾಣದ ಅಂಗ ಮೊದಲ ಸಲಕ್ಕೇ ಸರಿಯಾಗಿ ಕೆಲಸ ಮಾಡಬೇಕು.

ನಾನು ಕಾಲೇಜಿನಲ್ಲಿ ಭ್ರೂಣದ ಬೆಳವಣಿಗೆಯ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳ ಜೊತೆಗೆ, ದಿನ ತುಂಬುವ ಮೊದಲೇ ಹೆರಿಗೆಯಾದ ತಾಯಂದಿರು ಕೇಳಿದ್ದನ್ನೂ ಇಲ್ಲಿ ಸೇರಿಸಿದ್ದೇನೆ.

ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ ಅಲ್ವಾ? ಹಾಗಿದ್ದರೆ ಒಂದು ಕೋಶ ಶ್ವಾಸಕೋಶದ್ದಾಗಿ, ಇನ್ನೊಂದು ಕರುಳಿನದ್ದಾಗಿ ಬೆಳೆಯುವುದು ಹೇಗೆ?

ಹೌದು, ಡಿಎನ್‌ಎ ಒಂದೇ. ಆದರೆ ಅದರಲ್ಲಿರುವ ಎಲ್ಲ ಜೀನ್‌ಗಳೂ ಎಲ್ಲ ಕೋಶಗಳಲ್ಲಿ ಕೆಲಸ ಮಾಡುವುದಿಲ್ಲ. ಯಾವ ಜೀನ್‌ಗಳು ಎಚ್ಚರವಾಗಿವೆ, ಯಾವುವು ಮಲಗಿವೆ ಎನ್ನುವುದರ ಮೇಲೆ ಕೋಶದ ಗುಣ ನಿಂತಿರುತ್ತದೆ.

ಯಾವುದನ್ನು ಎಬ್ಬಿಸಬೇಕು ಅಂತ ಕೋಶ ಒಂಟಿಯಾಗಿ ತೀರ್ಮಾನಿಸುವುದಿಲ್ಲ. ಅಕ್ಕಪಕ್ಕದ ಕೋಶಗಳು ಅದಕ್ಕೆ ಹೇಳುತ್ತಲೇ ಇರುತ್ತವೆ. ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಇಷ್ಟವಾಗುವುದೂ ಇದೇ: ಶ್ವಾಸಕೋಶದ ಕೋಶ ಏನಾಗುತ್ತದೆ ಎನ್ನುವುದನ್ನು ಅದರ ನೆರೆಹೊರೆ ನಿರ್ಧರಿಸುತ್ತದೆ.

ಈ ‘ಹೇಳುವುದು’ ಅಂದರೆ ಏನು? ಕೋಶಗಳು ಹೇಗೆ ಮಾತಾಡುತ್ತವೆ?

ಒಂದು ಕೋಶ ಪ್ರೋಟೀನ್ ಒಂದನ್ನು ಹೊರಗೆ ಬಿಡುತ್ತದೆ. ಅದೇ ಸಿಗ್ನಲ್. ಪಕ್ಕದ ಕೋಶದ ಮೈಮೇಲೆ ಅದನ್ನು ಹಿಡಿಯುವ ಇನ್ನೊಂದು ಪ್ರೋಟೀನ್ ಇರುತ್ತದೆ. ಅದಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಸಿಗ್ನಲ್ ಬಂದು ಕೂತಾಗ ರಿಸೆಪ್ಟರ್‌ನ ಆಕಾರ ಬದಲಾಗುತ್ತದೆ, ಒಳಗಿನ ಪ್ರೋಟೀನ್‌ಗಳು ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಕೊನೆಗೆ ಸುದ್ದಿ ಕೋಶದ ಕೇಂದ್ರಕ್ಕೆ ಮುಟ್ಟಿ ಕೆಲವು ಜೀನ್‌ಗಳು ಏಳುತ್ತವೆ, ಕೆಲವು ಮಲಗುತ್ತವೆ.

ರಿಸೆಪ್ಟರ್ ಇಲ್ಲದ ಕೋಶಕ್ಕೆ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಕೇಳಿಸಿಕೊಂಡ ಕೋಶ ಕೂಡ ತನ್ನ ವಯಸ್ಸು, ತಾನಿರುವ ಜಾಗಕ್ಕೆ ತಕ್ಕಂತೆ ಅರ್ಥ ಮಾಡಿಕೊಳ್ಳುತ್ತದೆ. ಆದ್ದರಿಂದ ಕೆಲವೇ ಬಗೆಯ ಸಿಗ್ನಲ್‌ಗಳಿಂದ ಹತ್ತಾರು ಬಗೆಯ ಕೋಶಗಳು ಹುಟ್ಟಲು ಸಾಧ್ಯ.

ಶ್ವಾಸಕೋಶ ಮೊದಲು ಶುರುವಾಗುವುದು ಎಲ್ಲಿ, ಯಾವಾಗ?

ಗರ್ಭದಲ್ಲಿ ಭ್ರೂಣಕ್ಕೆ ಸುಮಾರು ನಾಲ್ಕು ವಾರವಾದಾಗ. ಆಗ ಅದರೊಳಗೆ ಬಾಯಿಯ ಕಡೆಯಿಂದ ಬಾಲದ ಕಡೆಗೆ ಒಂದೇ ಒಂದು ಕೊಳವೆ ಇರುತ್ತದೆ. ಮುಂದೆ ಅನ್ನನಾಳ, ಹೊಟ್ಟೆ, ಕರುಳು ಎಲ್ಲ ಆಗುವುದು ಅದರಿಂದಲೇ. ಆ ಕೊಳವೆಯ ಮೇಲ್ಭಾಗದಲ್ಲಿ, ಎದೆಯ ಕಡೆಗಿರುವ ಗೋಡೆಯ ಒಂದಷ್ಟು ಕೋಶಗಳಲ್ಲಿ ಎನ್‌ಕೆಎಕ್ಸ್2-1 ಎಂಬ ಜೀನ್ ಏಳುತ್ತದೆ. ‘ನಾವು ಶ್ವಾಸಕೋಶದವರು’ ಎನ್ನುವುದಕ್ಕೆ ಸಿಗುವ ಮೊದಲ ಗುರುತು ಅದು. ನೋಡಲು ಆ ಕೋಶಗಳು ಇನ್ನೂ ಪಕ್ಕದವುಗಳ ಹಾಗೇ ಇರುತ್ತವೆ.

ಈ ಗುರುತು ಹಾಕಿಸುವುದು ಕೊಳವೆಯನ್ನು ಸುತ್ತಿಕೊಂಡಿರುವ ಮೆತ್ತನೆಯ ಅಂಗಾಂಶ. ಅದಕ್ಕೆ ಮೆಸೆನ್‌ಕೈಮ್ ಎಂದು ಹೆಸರು. ಅದು ವಿಂಟ್ ಎಂಬ ಸಿಗ್ನಲ್ ಕಳಿಸುತ್ತದೆ. ವಿಂಟ್2 ಮತ್ತು ವಿಂಟ್2ಬಿ ಎರಡನ್ನೂ ತೆಗೆದ ಇಲಿಮರಿಗಳ ಬಗ್ಗೆ 2009ರಲ್ಲಿ ವರದಿಯಾಯಿತು. ಅವುಗಳಲ್ಲಿ ಎನ್‌ಕೆಎಕ್ಸ್2-1 ಏಳಲೇ ಇಲ್ಲ. ಶ್ವಾಸಕೋಶವೂ ಇಲ್ಲ, ಶ್ವಾಸನಾಳವೂ ಇಲ್ಲ.

ಇದೇ ಹೊತ್ತಿಗೆ ಆ ಒಂದು ಕೊಳವೆ ಎರಡಾಗಿ ಬೇರ್ಪಡಬೇಕು: ಮುಂದೆ ಶ್ವಾಸನಾಳ, ಹಿಂದೆ ಅನ್ನನಾಳ. ಕೆಲವು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಇದು ಪೂರ್ತಿ ಆಗುವುದಿಲ್ಲ. ಎರಡರ ನಡುವೆ ಒಂದು ಕಂಡಿ ಉಳಿದುಬಿಡುತ್ತದೆ. ಹುಟ್ಟಿದ ಮಗು ಹಾಲು ಕುಡಿದ ಕೂಡಲೇ ಕೆಮ್ಮಿ, ಉಸಿರುಗಟ್ಟಿ, ಮೈ ನೀಲಿಯಾದರೆ ವೈದ್ಯರು ಮೊದಲು ಅನುಮಾನಿಸುವುದರಲ್ಲಿ ಇದೂ ಒಂದು. ಆಪರೇಷನ್ ಮಾಡಿ ಸರಿಪಡಿಸುತ್ತಾರೆ.

ಸಿಗ್ನಲ್ ಜಾಸ್ತಿಯಾದರೆ ಒಳ್ಳೆಯದೇ ತಾನೇ?

ಇಲ್ಲ. 2004ರಲ್ಲಿ ಒಕುಬೊ ಮತ್ತು ಬ್ರಿಜಿಡ್ ಹೋಗನ್ ಇದನ್ನೇ ಪರೀಕ್ಷಿಸಿದರು. ಇಲಿಯ ಬೆಳೆಯುತ್ತಿರುವ ಶ್ವಾಸಕೋಶದಲ್ಲಿ ವಿಂಟ್ ಸಿಗ್ನಲನ್ನು ಅತಿಯಾಗಿ ಚುರುಕು ಮಾಡಿದರು. ಅಲ್ಲಿನ ಕೋಶಗಳಲ್ಲಿ ಕರುಳಿನ ಜೀನ್‌ಗಳು ಎದ್ದವು! ಎದೆಯೊಳಗೆ, ಶ್ವಾಸಕೋಶದ ಜಾಗದಲ್ಲಿ ಇದ್ದುಕೊಂಡೇ ಅವು ಕರುಳಿನ ಕೋಶಗಳ ಗುಣ ತೋರಿಸಿದವು.

ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಂಬುವುದಿಲ್ಲ. ಆದರೆ ಕರುಳು, ಶ್ವಾಸಕೋಶ ಎರಡೂ ಒಂದೇ ಕೊಳವೆಯಿಂದ ಬಂದ ಅಕ್ಕತಂಗಿಯರು ಅಂತ ನೆನಪಿಸಿಕೊಂಡರೆ ಅಷ್ಟು ವಿಚಿತ್ರ ಅನ್ನಿಸುವುದಿಲ್ಲ. ವಿಂಟ್ ಬೇಕೇ ಬೇಕು. ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬೇಕು.

ವಿಂಟ್, ಹೆಡ್ಜ್‌ಹಾಗ್, ನಾಚ್… ಇವೆಲ್ಲ ಎಂಥ ಹೆಸರುಗಳು?

ಕೋಶಗಳ ಮಾತುಕತೆಯಲ್ಲಿ ಬರುವ ಹೆಸರುಗಳು ಇವು. ಹೆಚ್ಚಿನವು ಹಣ್ಣಿನ ನೊಣದಿಂದ ಬಂದವು. ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡುತ್ತವಲ್ಲ, ಆ ಪುಟ್ಟ ನೊಣ. ರೆಕ್ಕೆಯ ಅಂಚು ಕಚ್ಚಿದಂತೆ ಹರಿದಿದ್ದ ನೊಣದಿಂದ ನಾಚ್ ಎಂಬ ಹೆಸರು ಬಂತು. ಮೈತುಂಬ ಮುಳ್ಳುಮುಳ್ಳಾಗಿದ್ದ ನೊಣದ ಮರಿಹುಳುವಿನಿಂದ ಹೆಡ್ಜ್‌ಹಾಗ್, ಅಂದರೆ ಮುಳ್ಳುಹಂದಿಯಂಥ ಪ್ರಾಣಿ. ಆ ಕೆಲಸ ಮಾಡಿದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಷೌಸ್ 1995ರಲ್ಲಿ ನೊಬೆಲ್ ಪಡೆದರು.

ವಿಂಟ್‌ನ ಕಥೆ ನಮ್ಮ ದೇಶದ್ದೂ ಹೌದು. 1973ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಆರ್. ಪಿ. ಶರ್ಮಾ ಅವರು ರೆಕ್ಕೆಯೇ ಇಲ್ಲದ ನೊಣವೊಂದನ್ನು ವರದಿ ಮಾಡಿ ‘ವಿಂಗ್‌ಲೆಸ್’ ಎಂದು ಹೆಸರಿಟ್ಟರು. 1982ರಲ್ಲಿ ಇಲಿಯ ಸ್ತನದ ಗೆಡ್ಡೆಯಲ್ಲಿ ‘ಇಂಟ್-1’ ಎಂಬ ಜೀನ್ ಸಿಕ್ಕಿತು. ಎರಡೂ ಒಂದೇ ಮನೆತನದವು ಅಂತ ಆಮೇಲೆ ತಿಳಿಯಿತು. ಎರಡು ಹೆಸರನ್ನೂ ಕೂಡಿಸಿ ವಿಂಟ್ ಎಂದರು. ರೆಕ್ಕೆಯಿಲ್ಲದ ನೊಣಕ್ಕೂ ನಮ್ಮ ಉಸಿರಿಗೂ ನಂಟಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಶ್ವಾಸಕೋಶ ಮರದ ಹಾಗೆ ಕವಲೊಡೆಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರವನ್ನು ಕಣ್ಣಾರೆ ನೋಡಬಹುದು. ಗರ್ಭಕ್ಕೆ ಹನ್ನೊಂದೂವರೆ ದಿನವಾದ ಇಲಿಯ ಭ್ರೂಣದಿಂದ ಶ್ವಾಸಕೋಶವನ್ನು ಬಿಡಿಸಿ ತೆಗೆದರೆ ಅದು ಸಾಸಿವೆ ಕಾಳಿನಷ್ಟಿರುತ್ತದೆ. ನಸುಬಿಳಿ ಬಣ್ಣ, ಹೆಚ್ಚುಕಡಿಮೆ ಪಾರದರ್ಶಕ. ಅದನ್ನು ತೂತುಗಳಿರುವ ತೆಳು ಪೊರೆಯ ಮೇಲೆ ಇಟ್ಟು, ಕೆಳಗೆ ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿ, 37 ಡಿಗ್ರಿಯಲ್ಲಿ ಬಿಡುತ್ತಾರೆ. ಆಗ ಅಲ್ಲಿ ಬೆರಳೆಣಿಕೆಯ ಮೊಗ್ಗುಗಳಿರುತ್ತವೆ. ಮಾರನೇ ದಿನ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಪ್ರತಿ ಮೊಗ್ಗಿನ ತುದಿಯೂ ಸ್ವಲ್ಪ ಚಪ್ಪಟೆಯಾಗಿ, ನಡುವೆ ಸೀಳು ಬಿದ್ದು, ಎರಡಾಗಿರುತ್ತದೆ. ಅದರ ಮಾರನೇ ದಿನ ಇನ್ನೂ ಜಾಸ್ತಿ. ತಾಯಿಯ ಮೈಯಿಲ್ಲ, ರಕ್ತ ಹರಿಯುತ್ತಿಲ್ಲ. ಆದರೂ ಅದು ತನ್ನ ಪಾಡಿಗೆ ಕವಲೊಡೆಯುತ್ತಲೇ ಇರುತ್ತದೆ. ಮೊದಲ ಸಲ ನೋಡಿದ ದಿನ ನನಗೆ ಕಣ್ಣು ತೆಗೆಯಲು ಆಗಲಿಲ್ಲ.

ಮೊಗ್ಗನ್ನು ಕರೆಯುವುದು ಸುತ್ತಲಿನ ಮೆಸೆನ್‌ಕೈಮ್. ಅದು ತುದಿಯ ಎದುರಿಗೆ ಎಫ್‌ಜಿಎಫ್10 ಎಂಬ ಸಿಗ್ನಲ್ ಬಿಡುತ್ತದೆ. ಮೊಗ್ಗಿನ ಕೋಶಗಳಲ್ಲಿ ಅದರ ರಿಸೆಪ್ಟರ್ ಇದೆ. ಅವು ಆ ಕಡೆಗೆ ಬೆಳೆಯುತ್ತವೆ. ಮೆಸೆನ್‌ಕೈಮನ್ನು ಸುಲಿದು ತೆಗೆದ ಬರೀ ಮೊಗ್ಗಿನ ಪಕ್ಕ ಎಫ್‌ಜಿಎಫ್10ರಲ್ಲಿ ನೆನೆಸಿದ ಒಂದು ಪುಟ್ಟ ಮಣಿ ಇಟ್ಟರೆ, ಮೊಗ್ಗು ಮಣಿಯತ್ತ ಬಾಗಿ ಬೆಳೆದು ಅದನ್ನು ಮುಟ್ಟುತ್ತದೆ. ಈ ಜೀನ್ ತೆಗೆದ ಇಲಿಮರಿಗಳು ಹೇಗಿರುತ್ತವೆ ಎನ್ನುವುದು 1998ರಲ್ಲಿ ಗೊತ್ತಾಯಿತು. ಶ್ವಾಸನಾಳ ಇತ್ತು, ಅದರ ಕೆಳಗೆ ಶ್ವಾಸಕೋಶವೇ ಇರಲಿಲ್ಲ. ಕೈಕಾಲುಗಳೂ ಮೂಡಿರಲಿಲ್ಲ, ಏಕೆಂದರೆ ಅಲ್ಲಿಯೂ ಇದೇ ಸಿಗ್ನಲ್ ಬೇಕು.

ಇದಕ್ಕೆ ಲಗಾಮೂ ಇದೆ. ಮೊಗ್ಗಿನ ತುದಿ ಸಾನಿಕ್ ಹೆಡ್ಜ್‌ಹಾಗ್ ಎಂಬ ಸಿಗ್ನಲನ್ನು ಮೆಸೆನ್‌ಕೈಮ್‌ಗೆ ವಾಪಸ್ ಕಳಿಸುತ್ತದೆ. ಅದು ಬಂದ ಕಡೆ ಎಫ್‌ಜಿಎಫ್10 ಕಡಿಮೆಯಾಗುತ್ತದೆ. ‘ಬಾ’ ಎಂದವರಿಗೆ ‘ಬಂದೆ, ಇನ್ನು ಕರೆಯಬೇಡ’ ಎಂದ ಹಾಗೆ. ಅಲ್ಲೇ ಬೆಳವಣಿಗೆ ತಗ್ಗಿ, ಪಕ್ಕದಲ್ಲಿ ಹೊಸ ಕವಲು ಶುರುವಾಗುತ್ತದೆ.

ನೆರೆಹೊರೆಯ ಮಾತಿನ ಬಲ ಎಷ್ಟು ಅಂತ 1962ರಲ್ಲೇ ತೋರಿಸಿದ್ದರು. ಮೊಗ್ಗಿನ ಸುತ್ತಲಿದ್ದ ಮೆಸೆನ್‌ಕೈಮನ್ನು ಕಿತ್ತು ಶ್ವಾಸನಾಳದ ಪಕ್ಕ ನೆಟ್ಟರು. ಕವಲೊಡೆಯಬಾರದ ಶ್ವಾಸನಾಳದಿಂದಲೂ ಮೊಗ್ಗು ಮೂಡಿತು.

ಕವಲಿನ ತುದಿ ಮತ್ತು ಬುಡದಲ್ಲಿ ಬೇರೆ ಬೇರೆ ಕೋಶಗಳಿರುತ್ತವೆಯೇ?

ಹೌದು. ತುದಿಯ ಕೋಶಗಳಲ್ಲಿ ಸಾಕ್ಸ್9 ಎಂಬ ಜೀನ್ ಎಚ್ಚರವಾಗಿರುತ್ತದೆ. ಅವು ಇನ್ನೂ ಏನು ಬೇಕಾದರೂ ಆಗಬಲ್ಲ ಎಳೆಯ ಕೋಶಗಳು. ತುದಿ ಮುಂದೆ ಹೋದಂತೆ ಹಿಂದೆ ಉಳಿದವು ಎಫ್‌ಜಿಎಫ್‌ನಿಂದ ದೂರವಾಗುತ್ತವೆ. ಅವುಗಳಲ್ಲಿ ಸಾಕ್ಸ್2 ಏಳುತ್ತದೆ. ಅವು ಗಾಳಿ ಸಾಗಿಸುವ ಕೊಳವೆಯ ಗೋಡೆಯಾಗುತ್ತವೆ.

ಇಲ್ಲಿ ಇಲಿಗೂ ಮನುಷ್ಯರಿಗೂ ಒಂದು ವ್ಯತ್ಯಾಸವಿದೆ. ಮನುಷ್ಯರ ಭ್ರೂಣದಲ್ಲಿ ಮೊದಮೊದಲ ತಿಂಗಳುಗಳಲ್ಲಿ ತುದಿಯ ಕೋಶಗಳಲ್ಲಿ ಸಾಕ್ಸ್9, ಸಾಕ್ಸ್2 ಎರಡೂ ಒಟ್ಟಿಗೇ ಇರುತ್ತವೆ. ಇಲಿಯಲ್ಲಿ ಕಂಡದ್ದೆಲ್ಲ ನಮ್ಮಲ್ಲೂ ಹಾಗೇ ಇದೆ ಅಂತ ಸುಮ್ನೆ ಅಂದುಕೊಳ್ಳಬಾರದು.

ಕೊಳವೆಯ ಗೋಡೆಯಲ್ಲಿ ಕೆಲವು ಕೋಶಗಳು ಕಫ ತಳ್ಳುತ್ತವೆ, ಕೆಲವು ಲೋಳೆ ಸುರಿಸುತ್ತವೆ. ಪಕ್ಕಪಕ್ಕದಲ್ಲೇ ಇದ್ದರೂ ಬೇರೆಯಾಗುವುದು ಹೇಗೆ?

ಇದು ನಾಚ್‌ನ ಕೆಲಸ. ನಾಚ್ ದೂರಕ್ಕೆ ಹರಡುವ ಸಿಗ್ನಲ್ ಅಲ್ಲ. ಮೈಗೆ ಮೈ ತಾಗಿದ ಕೋಶಗಳ ನಡುವೆ ಮಾತ್ರ ನಡೆಯುತ್ತದೆ. ನಾಚ್ ಸುದ್ದಿ ಸಿಕ್ಕಿದ ಕೋಶ ದ್ರವ ಸುರಿಸುವ ಕೋಶವಾಗುತ್ತದೆ. ಸಿಗದ ಕೋಶದ ಮೇಲೆ ನವಿರು ಕೂದಲಿನಂಥ ಸಿಲಿಯಾ ಬೆಳೆಯುತ್ತವೆ. ಅವು ಒಂದೇ ಲಯದಲ್ಲಿ ಬೀಸಿ ಧೂಳು, ಕಫವನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ನಾಚ್ ಪೂರ್ತಿ ಕೆಟ್ಟ ಇಲಿಗಳಲ್ಲಿ ದ್ರವ ಸುರಿಸುವ ಕೋಶಗಳೇ ಇಲ್ಲವಾಗಿ ಗೋಡೆ ತುಂಬ ಸಿಲಿಯಾ ಕೋಶಗಳು ತುಂಬಿಕೊಳ್ಳುತ್ತವೆ. ಎರಡೂ ಬೆರೆತಿದ್ದರೆ ಮಾತ್ರ ಕೊಳವೆ ಶುಚಿಯಾಗಿರುತ್ತದೆ.

ಗಾಳಿಚೀಲಗಳ ಕೋಶಗಳು ಯಾವುವು?

ಕವಲುಗಳ ಕೊನೆಯಲ್ಲಿರುವ ಪುಟ್ಟ ಚೀಲಗಳೇ ಗಾಳಿಚೀಲಗಳು. ಅವುಗಳಲ್ಲಿ ಎರಡು ಮುಖ್ಯ ಬಗೆಯ ಕೋಶಗಳಿವೆ. ಟೈಪ್ 1 ಕೋಶ ಹಪ್ಪಳಕ್ಕಿಂತ ತೆಳ್ಳಗೆ ಹರಡಿಕೊಂಡಿರುತ್ತದೆ. ಆಮ್ಲಜನಕ ರಕ್ತಕ್ಕೆ ದಾಟುವುದು ಅದರ ಮೂಲಕ. ಚೀಲದ ಒಳಮೈಯ ಸುಮಾರು 95 ಶೇಕಡಾ ಜಾಗ ಅದರದ್ದೇ. ಟೈಪ್ 2 ಕೋಶ ಗುಂಡಗೆ, ಪುಟ್ಟದಾಗಿ ಮೂಲೆಯಲ್ಲಿ ಕೂತಿರುತ್ತದೆ. ಅದು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ದ್ರವ ತಯಾರಿಸುತ್ತದೆ. ಅದಿಲ್ಲದಿದ್ದರೆ ಉಸಿರು ಬಿಟ್ಟಾಗಲೆಲ್ಲ ಚೀಲ ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಒಳಗೇ ಅಂಟಿಕೊಳ್ಳುತ್ತದೆ.

ಯಾವ ಕೋಶ ಟೈಪ್ 1, ಯಾವುದು ಟೈಪ್ 2 ಆಗಬೇಕು ಎನ್ನುವುದರಲ್ಲಿ ರಾಸಾಯನಿಕ ಸಿಗ್ನಲ್ ಮಾತ್ರವಲ್ಲ, ಎಳೆತವೂ ಸೇರುತ್ತದೆ. ಗರ್ಭದಲ್ಲಿ ಮಗು ಗಾಳಿಯಿಲ್ಲದೆಯೂ ಎದೆ ಅಲುಗಿಸಿ ‘ಉಸಿರಾಟದ ಅಭ್ಯಾಸ’ ಮಾಡುತ್ತದೆ. ಸ್ಕ್ಯಾನಿಂಗ್‌ನಲ್ಲಿ ಅದು ಕಾಣುತ್ತದೆ. ಒಳಗಿನ ನೀರು ಕೋಶಗಳನ್ನು ಒತ್ತಿ ಎಳೆಯುತ್ತದೆ. 2018ರಲ್ಲಿ ಚೀನಾದ ಸಂಶೋಧಕರು ಇಲಿಯಲ್ಲಿ ತೋರಿಸಿದ ಪ್ರಕಾರ, ಎಳೆತಕ್ಕೆ ಸಿಕ್ಕಿ ಚಪ್ಪಟೆಯಾದವು ಟೈಪ್ 1 ಆಗುತ್ತವೆ. ಎಫ್‌ಜಿಎಫ್ ಕರೆದ ಕಡೆ ಗೋಡೆಯಿಂದ ಹೊರಕ್ಕೆ ಚಾಚಿಕೊಂಡವು ಎಳೆತದಿಂದ ತಪ್ಪಿಸಿಕೊಂಡು ಟೈಪ್ 2 ಆಗುತ್ತವೆ.

ಈ ತೀರ್ಮಾನ ಯಾವಾಗ ಆಗುತ್ತದೆ ಎನ್ನುವುದರ ಬಗ್ಗೆ ಒಮ್ಮತವಿಲ್ಲ. ಎರಡೂ ಆಗಬಲ್ಲ ಒಂದು ನಡುವಿನ ಕೋಶ ಕೊನೆಯ ಹಂತದವರೆಗೂ ಇರುತ್ತದೆ ಎಂದು ಒಂದು ಗುಂಪು. ಬಹಳ ಮೊದಲೇ, ಕವಲೊಡೆಯುವಾಗಲೇ ದಾರಿ ಬೇರೆಯಾಗಿರುತ್ತದೆ ಎಂದು ಇನ್ನೊಂದು ಗುಂಪು. ಎರಡಕ್ಕೂ ಒಳ್ಳೆಯ ಸಾಕ್ಷ್ಯವಿದೆ.

ಹೊಟ್ಟೆಯಲ್ಲಿ ಮಗುವಿನ ಸುತ್ತಲಿನ ನೀರು ತೀರಾ ಕಡಿಮೆಯಿದ್ದರೆ ವೈದ್ಯರು ಯಾಕೆ ಗಾಬರಿಯಾಗುತ್ತಾರೆ ಅಂತ ಈಗ ಅರ್ಥವಾಗಬಹುದು. ನೀರಿನ ಒತ್ತಡ, ಎದೆಯ ಅಲುಗಾಟ ಕಡಿಮೆಯಾದರೆ ಶ್ವಾಸಕೋಶ ಚಿಕ್ಕದಾಗಿಯೇ ಉಳಿಯುತ್ತದೆ.

ಅವಧಿಗೆ ಮುಂಚೆ ಹೆರಿಗೆ ಆಗಬಹುದು ಅಂತ ಗೊತ್ತಾದಾಗ ನನಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಮಗುವಿಗೆ ಏನಾದರೂ ಕೆಡುಕಾಗುತ್ತಾ?

ಅಮ್ಮಂದಿರು ಇದನ್ನೇ ಎಲ್ಲಕ್ಕಿಂತ ಹೆಚ್ಚು ಕೇಳುತ್ತಾರೆ. ಆ ಇಂಜೆಕ್ಷನ್ ಮಗುವಿನ ಶ್ವಾಸಕೋಶಕ್ಕೇ ಕೊಟ್ಟದ್ದು. ಹೆದರಬೇಡಿ.

ಟೈಪ್ 2 ಕೋಶಗಳು ಸರ್ಫ್ಯಾಕ್ಟೆಂಟ್ ಮಾಡಲು ಶುರುಮಾಡುವುದು ಸುಮಾರು 24 ವಾರಕ್ಕೆ. ಸಾಕಷ್ಟಾಗುವುದು 34–35 ವಾರದ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದ ಮಗುವಿನ ಪಕ್ಕೆ ಪ್ರತಿ ಉಸಿರಿಗೂ ಒಳಕ್ಕೆ ಸೇದಿಕೊಳ್ಳುತ್ತದೆ, ಮಗು ನರಳುತ್ತದೆ. ಅದಕ್ಕೆ ಕಾರಣ ಸರ್ಫ್ಯಾಕ್ಟೆಂಟ್ ಕೊರತೆ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲು ಹುಟ್ಟಿ, ಇದೇ ತೊಂದರೆಯಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡ. ಅಧ್ಯಕ್ಷರ ಮಗುವಿಗೂ ಆಗ ಔಷಧ ಇರಲಿಲ್ಲ.

ದಾರಿ ಸಿಕ್ಕಿದ್ದು ನ್ಯೂಜಿಲೆಂಡಿನಲ್ಲಿ, ಕುರಿಗಳಿಂದ. ಗ್ರಹಾಂ ಲಿಗಿನ್ಸ್ ಹೆರಿಗೆ ಹೇಗೆ ಶುರುವಾಗುತ್ತದೆ ಅಂತ ಅಧ್ಯಯನ ಮಾಡುತ್ತಿದ್ದರು. ಸ್ಟೀರಾಯ್ಡ್ ಸಿಕ್ಕಿದ ಕುರಿಮರಿಗಳು ಬದುಕಲಾರದಷ್ಟು ಬೇಗ ಹುಟ್ಟಿಯೂ ಉಸಿರಾಡಿದ್ದನ್ನು ಕಂಡು ಬೆರಗಾದರು. ಆಮೇಲೆ ರಾಸ್ ಹೋವಿ ಜೊತೆ 282 ತಾಯಂದಿರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಸ್ಟೀರಾಯ್ಡ್ ಪಡೆದವರ ಮಕ್ಕಳಲ್ಲಿ ಉಸಿರಾಟದ ತೊಂದರೆ, ಸಾವು ಎರಡೂ ಕಡಿಮೆಯಾಗಿದ್ದವು. ಸರ್ಫ್ಯಾಕ್ಟೆಂಟನ್ನೇ ಮಗುವಿನ ಶ್ವಾಸನಾಳಕ್ಕೆ ಹಾಕುವ ಚಿಕಿತ್ಸೆ ಜಪಾನಿನ ಫುಜಿವಾರಾ ಅವರಿಂದ 1980ರಲ್ಲಿ ಬಂತು.

ಇಲ್ಲೂ ಸುದ್ದಿ ನೆರೆಯವರ ಮೂಲಕವೇ ಹೋಗುತ್ತದೆ. ಇಲಿಗಳಲ್ಲಿ ಸ್ಟೀರಾಯ್ಡ್‌ನ ರಿಸೆಪ್ಟರನ್ನು ಮೆಸೆನ್‌ಕೈಮ್‌ನಿಂದ ತೆಗೆದರೆ ಶ್ವಾಸಕೋಶ ಬಲಿಯದೆ ಮರಿಗಳು ಸಾಯುತ್ತವೆ. ಚೀಲದ ಒಳಪದರದಿಂದ ಮಾತ್ರ ತೆಗೆದರೆ ಹೆಚ್ಚಿನವು ಬದುಕುತ್ತವೆ.

ನಮ್ಮಲ್ಲಿ ಸರ್ಕಾರದ 2014ರ ಮಾರ್ಗಸೂಚಿಯಂತೆ 24ರಿಂದ 34 ವಾರದ ನಡುವೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ, ಒಟ್ಟು ನಾಲ್ಕು ಸಲ ಕೊಡುತ್ತಾರೆ. ನಮ್ಮಂಥ ದೇಶಗಳಲ್ಲಿ ಇದು ಸುರಕ್ಷಿತವೇ ಎಂಬ ಅನುಮಾನ ಇದ್ದೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಭಾರತ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, 2,852 ಗರ್ಭಿಣಿಯರಲ್ಲಿ ಪರೀಕ್ಷೆ ನಡೆಸಿತು. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರೂ ಅದರಲ್ಲಿದ್ದರು. 2020ರಲ್ಲಿ ಫಲಿತಾಂಶ ಬಂತು. ನವಜಾತ ಶಿಶುಗಳ ಸಾವು 23.5 ಶೇಕಡಾದಿಂದ 19.6ಕ್ಕೆ ಇಳಿದಿತ್ತು. ತಾಯಂದಿರಲ್ಲಿ ಸೋಂಕು ಹೆಚ್ಚಲಿಲ್ಲ.

ಆದರೆ ಇದು ಎಲ್ಲರಿಗೂ, ಯಾವಾಗ ಬೇಕಾದರೂ ಕೊಡುವ ಔಷಧವಲ್ಲ. ಬೇಗ ಹೆರಿಗೆಯಾಗುವ ಸಾಧ್ಯತೆ ನಿಜವಾಗಿ ಇದ್ದಾಗ, ವೈದ್ಯರು ನೋಡಿ ನಿರ್ಧರಿಸಬೇಕು.

ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ ಅಂತಾರೆ. ನಿಜವೇ?

ಇಲ್ಲ. ಅಜ್ಜಿಯರು ಹೇಳುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಶ್ವಾಸಕೋಶ ಹಿಂದಕ್ಕೆ ಹೋಗುವುದಿಲ್ಲ. ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಸರ್ಫ್ಯಾಕ್ಟೆಂಟ್ ಜಾಸ್ತಿ, ಚೀಲಗಳೂ ಜಾಸ್ತಿ. ಎಂಟು ತಿಂಗಳ ಮಗುವಿಗೆ ಅವಕಾಶ ಹೆಚ್ಚು.

ಹುಟ್ಟಿದ ಮೇಲೆ ಬೆಳವಣಿಗೆ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಗಾಳಿಚೀಲಗಳಲ್ಲಿ ಹೆಚ್ಚಿನವು ಮೂಡುವುದೇ ಹುಟ್ಟಿದ ಮೇಲೆ, ಮೊದಲ ವರ್ಷಗಳಲ್ಲಿ. ದೊಡ್ಡವರಲ್ಲಿ ಸರಾಸರಿ 48 ಕೋಟಿ ಚೀಲಗಳಿರುತ್ತವೆ ಎಂದು 2004ರಲ್ಲಿ ಎಣಿಸಿದ್ದಾರೆ. ದೊಡ್ಡ ಚೀಲದೊಳಗೆ ಹೊಸ ಗೋಡೆಗಳು ಎದ್ದು ಅದನ್ನು ಚಿಕ್ಕಚಿಕ್ಕ ಕೋಣೆಗಳಾಗಿ ಮಾಡುತ್ತವೆ. ಪಿಡಿಜಿಎಫ್-ಎ ಎಂಬ ಸಿಗ್ನಲ್ ಇಲ್ಲದ ಇಲಿಗಳಲ್ಲಿ ಈ ಗೋಡೆಗಳೇ ಏಳುವುದಿಲ್ಲ. ಆದ್ದರಿಂದ ಎಳೆ ಮಗುವಿರುವ ಮನೆಯಲ್ಲಿ ಬೀಡಿ, ಸಿಗರೇಟು, ಒಲೆಯ ಹೊಗೆ ಬೇಡವೇ ಬೇಡ.

ವಿಟಮಿನ್ ಎ ಶ್ವಾಸಕೋಶಕ್ಕೆ ಬೇಕು ಅಂತ ಓದಿದೆ. ಗರ್ಭಿಣಿ ಮಾತ್ರೆ ತೆಗೆದುಕೊಳ್ಳಬಹುದೇ?

ನಿಮ್ಮಷ್ಟಕ್ಕೆ ನೀವೇ ಬೇಡ. ವಿಟಮಿನ್ ಎ ದೇಹದಲ್ಲಿ ರೆಟಿನೋಯಿಕ್ ಆಮ್ಲವಾಗಿ, ಮೊಗ್ಗು ಮೂಡುವ ಜಾಗದಲ್ಲಿ ಎಫ್‌ಜಿಎಫ್10 ಬರಲು ನೆರವಾಗುತ್ತದೆ. ಅದರ ತೀವ್ರ ಕೊರತೆಯಿದ್ದ ಇಲಿಗಳ ಮರಿಗಳಲ್ಲಿ ಶ್ವಾಸಕೋಶದ ದೋಷಗಳಿದ್ದವು ಎಂದು 1953ರಲ್ಲೇ ವರದಿಯಾಗಿತ್ತು. ಆದರೆ ಅತಿಯಾದರೆ ಭ್ರೂಣಕ್ಕೆ ಅಪಾಯ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಗರ್ಭಿಣಿಯರಿಗೆ ಕೊಡಲೇಬಾರದು ಎನ್ನುವುದು ಇದೇ ಕಾರಣಕ್ಕೆ. ನುಗ್ಗೆಸೊಪ್ಪು, ಕ್ಯಾರೆಟ್, ಪಪ್ಪಾಯಿ ಬಣ್ಣದ ಸಿಹಿಗುಂಬಳ ಊಟದಲ್ಲಿದ್ದರೆ ಚಿಂತೆಯಿಲ್ಲ. ಅವುಗಳಲ್ಲಿರುವುದನ್ನು ದೇಹ ಬೇಕಾದಷ್ಟೇ ಬದಲಾಯಿಸಿಕೊಳ್ಳುತ್ತದೆ.

ಅಪ್ಪನ ಬಯಾಪ್ಸಿ ವರದಿಯಲ್ಲಿ ‘ಟಿಟಿಎಫ್-1 ಪಾಸಿಟಿವ್’ ಅಂತ ಇದೆ. ಇದಕ್ಕೂ ಭ್ರೂಣಕ್ಕೂ ಸಂಬಂಧ ಇದೆಯೇ?

ಇದೆ. ಟಿಟಿಎಫ್-1 ಎಂದರೆ ಎನ್‌ಕೆಎಕ್ಸ್2-1ರ ಇನ್ನೊಂದು ಹೆಸರು. ನಾಲ್ಕನೇ ವಾರದಲ್ಲಿ ಎದ್ದ ಅದೇ ಗುರುತು. ಟೈಪ್ 2 ಕೋಶಗಳಲ್ಲಿ ಅದು ಜೀವನಪೂರ್ತಿ ಇರುತ್ತದೆ. ಥೈರಾಯ್ಡ್‌ನಲ್ಲೂ ಇರುತ್ತದೆ. ಗೆಡ್ಡೆಯ ಕೋಶಗಳಲ್ಲಿ ಅದು ಕಂಡರೆ, ಈ ಗೆಡ್ಡೆ ಶ್ವಾಸಕೋಶದಲ್ಲೇ ಹುಟ್ಟಿರಬಹುದು, ಬೇರೆ ಕಡೆಯಿಂದ ಬಂದಿರಲಿಕ್ಕಿಲ್ಲ ಎಂದು ಪರೀಕ್ಷಿಸುವವರು ಊಹಿಸುತ್ತಾರೆ. ಉಳಿದ ಪರೀಕ್ಷೆಗಳ ಜೊತೆ ಸೇರಿಸಿ ವೈದ್ಯರು ಅರ್ಥ ಹೇಳುತ್ತಾರೆ. ಆ ಒಂದು ಸಾಲನ್ನು ಮಾತ್ರ ನೋಡಿ ಧೃತಿಗೆಡಬೇಡಿ.

ಲ್ಯಾಬಿನಲ್ಲಿ ಹೊಸ ಶ್ವಾಸಕೋಶ ಬೆಳೆಸಬಹುದೇ?

ಪೂರ್ತಿ ಅಂಗವನ್ನು ಇನ್ನೂ ಇಲ್ಲ. ಕೋಶಗಳನ್ನು ಬೆಳೆಸಬಹುದು. ಚರ್ಮದ ಅಥವಾ ರಕ್ತದ ಕೋಶವನ್ನು ಮತ್ತೆ ಎಳೆಯದಾಗಿಸುವ ವಿಧಾನವನ್ನು ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಕೋಶಗಳಲ್ಲಿ ತೋರಿಸಿದರು. ಅಂಥ ಕೋಶಕ್ಕೆ ಭ್ರೂಣದಲ್ಲಿ ಕೇಳುವ ಮಾತುಗಳನ್ನೇ ಅದೇ ಕ್ರಮದಲ್ಲಿ ಕೇಳಿಸುತ್ತಾರೆ. ಮೊದಲು ಕರುಳಕೊಳವೆಯ ಗುಣ. ಆಮೇಲೆ ವಿಂಟ್, ಬಿಎಂಪಿ4 ಎಂಬ ಇನ್ನೊಂದು ಸಿಗ್ನಲ್, ರೆಟಿನೋಯಿಕ್ ಆಮ್ಲ. ಎರಡು ವಾರದ ಆಸುಪಾಸಿನಲ್ಲಿ ಎನ್‌ಕೆಎಕ್ಸ್2-1 ಏಳುತ್ತದೆ. ಅಲ್ಲಿಂದ ವಿಂಟ್ ತಗ್ಗಿಸಿದರೆ ಕೊಳವೆಯ ಕೋಶಗಳ ಕಡೆಗೆ, ಏರಿಸಿದರೆ ಗಾಳಿಚೀಲದ ಕೋಶಗಳ ಕಡೆಗೆ ಹೋಗುತ್ತವೆ.

ಸರ್ಫ್ಯಾಕ್ಟೆಂಟ್ ಮಾಡಲಾಗದ ಜೀನ್ ದೋಷವಿರುವ ಮಗುವಿನ ಕೋಶಗಳಿಂದ ಹೀಗೆ ಟೈಪ್ 2 ಕೋಶಗಳನ್ನು ಬೆಳೆಸಿ, ಆ ದೋಷವನ್ನು ತಟ್ಟೆಯಲ್ಲೇ ತಿದ್ದಿದ್ದಾರೆ. ತಿದ್ದಿದ ಕೋಶಗಳು ಸರ್ಫ್ಯಾಕ್ಟೆಂಟ್ ಮಾಡಿದವು. ಅವುಗಳನ್ನು ಮಗುವಿನ ಎದೆಯೊಳಗೆ ವಾಪಸ್ ಕೂರಿಸುವ ಕೆಲಸ ಬಾಕಿಯಿದೆ.